ಎಂಟೂವರೆ ತಾಸಿನ ಲೇಓವರ್‌ನಲ್ಲಿ ಊರು ನೋಡಲು ಉಳಿಯುವುದು ಮೂರೇ ತಾಸು

ಲೇಓವರ್ ಎಂದರೆ ಒಂದು ವಿಮಾನ ಇಳಿದು ಮುಂದಿನದನ್ನು ಹತ್ತುವವರೆಗೆ ನಡುವಿನ ಊರಿನಲ್ಲಿ ಕಾಯುವ ಹೊತ್ತು. ಟಿಕೆಟ್ ಮೇಲೆ ‘ದುಬೈ, 8 ತಾಸು 30 ನಿಮಿಷ’ ಎಂದು ಅಚ್ಚಾಗಿರುತ್ತದೆ. ಅಷ್ಟೂ ಹೊತ್ತು ನಮ್ಮದೇ ಎಂದುಕೊಂಡು ಬುರ್ಜ್ ಖಲೀಫಾ, ಚಿನ್ನದ ಬಜಾರು, ಸಮುದ್ರದ ದಂಡೆ ಎಲ್ಲವನ್ನೂ ಮನಸ್ಸಿನಲ್ಲಿ ಜೋಡಿಸಿಕೊಂಡರೆ ಕೆಲಸ ಕೆಟ್ಟಂತೆ. ಲೆಕ್ಕ ಹಾಕಿ ನೋಡಿ. ಬೆಳಗ್ಗೆ 5.30ಕ್ಕೆ ಇಳಿದಿರಿ, ಮುಂದಿನ ವಿಮಾನ ಮಧ್ಯಾಹ್ನ 2ಕ್ಕೆ. ವಿಮಾನದಿಂದ ಇಳಿದು, ಉದ್ದುದ್ದ ದಾರಿ ನಡೆದು, ಇಮಿಗ್ರೇಷನ್ ಸಾಲು ದಾಟಿ ಹೊರಗೆ ಬರುವಷ್ಟರಲ್ಲಿ ಒಂದೂಕಾಲು ತಾಸು ಹೋಗಿ 6.45 ಆಗಿರುತ್ತದೆ. ಮೆಟ್ರೊ ಹತ್ತಿ ಹಳೇ ಊರು ಮುಟ್ಟಲು 40 ನಿಮಿಷ, ಅಲ್ಲಿಗೆ 7.25. ಈಗ ಹಿಂದಿನಿಂದ ಎಣಿಸಿ. 2ರ ವಿಮಾನಕ್ಕೆ 11ಕ್ಕಾದರೂ ನಿಲ್ದಾಣದಲ್ಲಿರಬೇಕು, ಅಂದರೆ 10.20ಕ್ಕೆ ಊರು ಬಿಡಬೇಕು. ಕೈಯಲ್ಲಿ ಉಳಿದದ್ದು ಮೂರು ತಾಸು, ಅದರಲ್ಲೂ ಐದು ನಿಮಿಷ ಕಮ್ಮಿ.

ಈ ಲೆಕ್ಕ ಹೊರದೇಶದ ಎಲ್ಲ ದೊಡ್ಡ ನಿಲ್ದಾಣಗಳಿಗೂ ಹೆಚ್ಚುಕಡಿಮೆ ಒಂದೇ. ಆರು ತಾಸಿಗಿಂತ ಕಡಿಮೆ ಇದ್ದರೆ ಹೊರಗೆ ಹೋಗುವ ಮಾತೇ ಬೇಡ. ಆರರಿಂದ ಎಂಟರ ನಡುವೆ ಇದ್ದರೆ ಒಂದೇ ಜಾಗ. ಎಂಟು ದಾಟಿದರೆ ಎರಡು ಜಾಗ, ಅದೂ ಒಂದಕ್ಕೊಂದು ನಡೆದು ಹೋಗುವಷ್ಟು ಹತ್ತಿರ ಇದ್ದರೆ ಮಾತ್ರ. ಹನ್ನೆರಡು ದಾಟಿತೆಂದರೆ ಊರು ನೋಡುವುದಕ್ಕಿಂತ ಮೊದಲು ಮಲಗುವ ಜಾಗ ಗೊತ್ತು ಮಾಡಿಕೊಳ್ಳಿ.

ನಿದ್ದೆಯ ಮಾತು ಯಾಕೆ ಬಂತೆಂದರೆ, ನಮ್ಮ ಭಾಗದವರ ಪ್ರಯಾಣ ಶುರುವಾಗುವುದು ವಿಮಾನ ನಿಲ್ದಾಣದಲ್ಲಲ್ಲ. ಕಲಬುರಗಿಯಲ್ಲಿ 2019ರ ನವೆಂಬರ್‌ನಿಂದ, ಬೀದರ್‌ನಲ್ಲಿ 2020ರ ಫೆಬ್ರುವರಿಯಿಂದ ನಿಲ್ದಾಣಗಳಿವೆ. ಆದರೆ ಹೊರದೇಶಕ್ಕೆ ಹಾರಬೇಕಾದರೆ ಬಹುತೇಕ ಎಲ್ಲರಿಗೂ ಹೈದರಾಬಾದಿನ ಶಂಶಾಬಾದೇ ಗತಿ. ಬೀದರ್‌ನಿಂದ ಹೈದರಾಬಾದಿಗೆ 140 ಕಿ.ಮೀ. ಆಸುಪಾಸು, ಯಾದಗಿರಿಯಿಂದ 200, ಕಲಬುರಗಿಯಿಂದ 220. ನಸುಕಿನ 3ಕ್ಕೆ ಹಾರಾಟ ಇದ್ದರೆ ನಡುರಾತ್ರಿ 12ಕ್ಕೆ ಅಲ್ಲಿರಬೇಕು, ಕಲಬುರಗಿಯನ್ನು ಸಂಜೆ 6ಕ್ಕೇ ಬಿಡಬೇಕು. ನಾಲ್ಕು ತಾಸಿನ ಹಾರಾಟದಲ್ಲಿ ಊಟದ ಟ್ರೇ, ಪಕ್ಕದವರ ಮಾತು ಎಲ್ಲ ಕಳೆದು ಒಂದೂವರೆ ತಾಸು ಕಣ್ಣು ಮುಚ್ಚಿದರೆ ಹೆಚ್ಚು. ದುಬೈಯಲ್ಲಿ ಇಳಿಯುವ ಹೊತ್ತಿಗೆ ದೇಹಕ್ಕೆ ಪೂರ್ತಿ ಒಂದು ರಾತ್ರಿಯ ಜಾಗರಣೆ ಆಗಿರುತ್ತದೆ. ಬೆಂಗಳೂರಿನವರು ಬರೆದ ‘ಎಂಟು ತಾಸಿನಲ್ಲಿ ಎಂಟು ಜಾಗ’ದಂಥ ಪಟ್ಟಿ ನಮಗೆ ಹೊಂದದೇ ಇರುವುದು ಇದಕ್ಕೇ.

ಕಾರಿನಲ್ಲಿ ಹೋಗುವವರು ಹುಮನಾಬಾದ್, ಜಹೀರಾಬಾದ್ ದಾಟಿದ ಮೇಲೆ ಪಟಾನ್‌ಚೆರು ಹತ್ತಿರ ಔಟರ್ ರಿಂಗ್ ರೋಡ್ ಹತ್ತಿ ನೇರ ಶಂಶಾಬಾದಿಗೆ ಇಳಿಯಬೇಕು, ಊರೊಳಗೆ ಹೋಗಲೇಬಾರದು. ಬಸ್ಸಿನಲ್ಲಿ ಹೋಗುವವರು ಊರೊಳಗಿನ ಎಂಜಿಬಿಎಸ್ ಬಸ್ ನಿಲ್ದಾಣದವರೆಗೂ ಕೂತು ಆಮೇಲೆ ವಾಪಸ್ ಬರುವ ಬದಲು ಮಿಯಾಪುರ ಕಡೆ ಇಳಿದು ವಿಮಾನ ನಿಲ್ದಾಣಕ್ಕೆ ಹೋಗುವ ಪುಷ್ಪಕ್ ಬಸ್ ಹಿಡಿದರೆ ಒಂದು ತಾಸಾದರೂ ಉಳಿಯುತ್ತದೆ. ಯಾದಗಿರಿ, ಕಲಬುರಗಿಯಿಂದ ರೈಲಿಗೆ ಬರುವವರು ವಾಡಿ–ತಾಂಡೂರು ದಾರಿಯಲ್ಲಿ ರೈಲು ತಡವಾಗುವುದನ್ನು ಲೆಕ್ಕಕ್ಕೆ ಹಿಡಿದು ಮೂರು ತಾಸು ಹೆಚ್ಚಿಗೆ ಇಟ್ಟುಕೊಳ್ಳಲಿ. ರೈಲು ತಪ್ಪಿಸಿದ ವಿಮಾನಕ್ಕೆ ಯಾರೂ ದುಡ್ಡು ಮರಳಿ ಕೊಡುವುದಿಲ್ಲ.

ಲೇಓವರ್ ಚೆನ್ನಾಗಿ ಕಳೆಯುತ್ತದೋ ಇಲ್ಲವೋ ಎನ್ನುವುದು ಟಿಕೆಟ್ ತೆಗೆಯುವ ದಿನವೇ ಅರ್ಧ ತೀರ್ಮಾನವಾಗಿರುತ್ತದೆ. ಎರಡೂ ಹಾರಾಟ ಒಂದೇ ಪಿಎನ್‌ಆರ್‌ನಲ್ಲಿವೆಯೇ? ಇದೇ ಮೊದಲ ಪ್ರಶ್ನೆ. ಒಂದೇ ಪಿಎನ್‌ಆರ್ ಆದರೆ ಮೊದಲ ವಿಮಾನ ತಡವಾಗಿ ಎರಡನೆಯದು ತಪ್ಪಿದಾಗ ಬೇರೆ ವಿಮಾನದಲ್ಲಿ ಕೂರಿಸುವ ಹೊಣೆ ವಿಮಾನ ಕಂಪನಿಯದು. ಎರಡು ಸಾವಿರ ಉಳಿಯುತ್ತದೆಂದು ಬೇರೆ ಬೇರೆ ಟಿಕೆಟ್ ತೆಗೆದರೆ ಆ ಹೊಣೆ ನಿಮ್ಮ ತಲೆಗೆ. ಸಾಮಾನು ಕೂಡ ನಡುವಿನ ಊರಿನಲ್ಲೇ ಬೆಲ್ಟಿಗೆ ಬಂದುಬಿಡುತ್ತದೆ. ಅದನ್ನು ತೆಗೆದುಕೊಳ್ಳಲು ಹೊರಗೆ ಬರಬೇಕು, ಹೊರಗೆ ಬರಲು ವೀಸಾ ಬೇಕು. ಅನೇಕರು ಸಿಕ್ಕಿಬೀಳುವುದು ಇಲ್ಲೇ.

ಕೌಂಟರಿನಲ್ಲಿ ಸೂಟ್‌ಕೇಸಿಗೆ ಕಟ್ಟುವ ಉದ್ದನೆಯ ಪಟ್ಟಿಯನ್ನು ಬಾಗಿ ಓದಿ. ಅದರ ಮೇಲೆ ಮೂರು ಮೂರು ಅಕ್ಷರದ ಕೋಡ್‌ಗಳಿರುತ್ತವೆ. ಎಲ್ಲಕ್ಕಿಂತ ದಪ್ಪನಾಗಿ ಅಚ್ಚಾದದ್ದು ಸಾಮಾನು ಕೊನೆಗೆ ಇಳಿಯುವ ಊರು. ಹೈದರಾಬಾದಿನಿಂದ ದುಬೈ ಮೇಲೆ ಷಿಕಾಗೊಗೆ ಹೋಗುವವರ ಪಟ್ಟಿಯಲ್ಲಿ ದಪ್ಪಕ್ಷರದಲ್ಲಿ ‘ಓಆರ್‌ಡಿ’ ಇರಬೇಕು. ‘ಡಿಎಕ್ಸ್‌ಬಿ’ ಇದ್ದರೆ ಸಾಮಾನು ದುಬೈಯಲ್ಲೇ ಇಳಿಯುತ್ತದೆ. ಸೂಟ್‌ಕೇಸು ಬೆಲ್ಟಿನ ಮೇಲೆ ಸರಿಯುವ ಮೊದಲೇ ಕೇಳಿ ಸರಿಪಡಿಸಿಕೊಳ್ಳಿ, ಸರಿದ ಮೇಲೆ ಅದನ್ನು ಹಿಂದಕ್ಕೆ ತರಿಸುವುದು ದೊಡ್ಡ ರಗಳೆ. ಬೋರ್ಡಿಂಗ್ ಪಾಸ್ ಕೂಡ ಎರಡೂ ಹಾರಾಟದ್ದು ಅಲ್ಲೇ ಕೈಗೆ ಬರಬೇಕು. ಪಾಸಿನ ಹಿಂದೆ ಅಂಟಿಸುವ ಚಿಕ್ಕ ಚೀಟಿಯನ್ನು ಮೊಬೈಲಿನಲ್ಲಿ ಫೋಟೊ ತೆಗೆದಿಟ್ಟುಕೊಳ್ಳಿ. ಸಾಮಾನು ಬಾರದಿದ್ದರೆ ಹುಡುಕುವುದು ಅದರ ಮೇಲಿನ ಸಂಖ್ಯೆಯಿಂದಲೇ.

ಇನ್ನು ವೀಸಾ. ಭಾರತೀಯ ಪಾಸ್‌ಪೋರ್ಟ್ ಹಿಡಿದವರಿಗೆ ಒಂದೊಂದು ದೇಶದ್ದು ಒಂದೊಂದು ರೀತಿ. ದುಬೈ ಇರುವ ಯುಎಇಗೆ, ಅಮೆರಿಕ, ಬ್ರಿಟನ್, ಐರೋಪ್ಯ ಒಕ್ಕೂಟದಂಥ ಕಡೆಯ ವೀಸಾ ಅಥವಾ ಅಮೆರಿಕದ ಗ್ರೀನ್ ಕಾರ್ಡ್ ಕನಿಷ್ಠ ಆರು ತಿಂಗಳು ಚಾಲ್ತಿ ಇದ್ದವರಿಗೆ ಇಳಿದ ಮೇಲೆಯೇ 14 ದಿನದ ವೀಸಾ ಸಿಗುತ್ತದೆ. ಉಳಿದವರು ವಿಮಾನ ಕಂಪನಿ ಅಥವಾ ಏಜೆಂಟರ ಮೂಲಕ ಮುಂಚೆಯೇ 48 ಅಥವಾ 96 ತಾಸಿನ ಟ್ರಾನ್ಸಿಟ್ ವೀಸಾ (ಹಾಯ್ದು ಹೋಗುವವರ ವೀಸಾ) ಮಾಡಿಸಬೇಕು. 48 ತಾಸಿನದಕ್ಕೆ ಸರ್ಕಾರದ ಶುಲ್ಕ ಇಲ್ಲ, ಏಜೆಂಟರು ಕೇಳುವುದು ಅವರ ಸೇವಾ ಶುಲ್ಕ. ಸಿಂಗಪುರದಲ್ಲಿ ಭಾರತೀಯರಿಗೆ 96 ತಾಸಿನ ವೀಸಾರಹಿತ ಟ್ರಾನ್ಸಿಟ್ ಸೌಲಭ್ಯ ಇದೆ. ಆದರೆ ಅಮೆರಿಕ, ಬ್ರಿಟನ್, ಕೆನಡಾ, ಆಸ್ಟ್ರೇಲಿಯಾ, ನ್ಯೂಜಿಲೆಂಡ್, ಜಪಾನ್, ಜರ್ಮನಿ, ಸ್ವಿಟ್ಜರ್ಲೆಂಡ್ ಇವುಗಳಲ್ಲೊಂದರ ಚಾಲ್ತಿ ವೀಸಾ ಮತ್ತು ಮುಂದಿನ ಪ್ರಯಾಣದ ಖಚಿತ ಟಿಕೆಟ್ ಇರಬೇಕು. ಟರ್ಕಿಗೆ ಅಮೆರಿಕ, ಬ್ರಿಟನ್, ಐರ್ಲೆಂಡ್ ವೀಸಾ ಅಥವಾ ಯುರೋಪಿನ ಹಲವು ದೇಶಗಳಿಗೆ ಒಟ್ಟಿಗೆ ನಡೆಯುವ ಷೆಂಗೆನ್ ವೀಸಾ ಇದ್ದರೆ ಇ-ವೀಸಾ ಆನ್‌ಲೈನಿನಲ್ಲೇ ಆಗುತ್ತದೆ. ಇದಕ್ಕೆಲ್ಲ ತಿರುವುಮುರುವಾದದ್ದು ಬ್ರಿಟನ್. ಅಲ್ಲಿ ನಿಲ್ದಾಣದ ಒಳಗೇ ಕೂತು ವಿಮಾನ ಬದಲಿಸಲೂ ಭಾರತೀಯರಿಗೆ ಟ್ರಾನ್ಸಿಟ್ ವೀಸಾ ಬೇಕು, ಅಮೆರಿಕ ಅಥವಾ ಕೆನಡಾ ವೀಸಾ ಇದ್ದಂಥವರಿಗೆ ಮಾತ್ರ ವಿನಾಯಿತಿ. ಅಮೆರಿಕದಲ್ಲಂತೂ ಒಳಗೆ ಕೂರುವ ಪದ್ಧತಿಯೇ ಇಲ್ಲ. ಮೊದಲು ಇಳಿದ ಊರಿನಲ್ಲೇ ಇಮಿಗ್ರೇಷನ್ ಮುಗಿಸಿ, ಸಾಮಾನು ಎತ್ತಿ ಮತ್ತೆ ಒಪ್ಪಿಸಬೇಕು, ಮುಂದಿನದು ದೇಶದೊಳಗಿನ ಹಾರಾಟವಾದರೂ ಅಷ್ಟೇ. ಅಲ್ಲಿ ಮೂರು ತಾಸಿಗಿಂತ ಕಡಿಮೆ ಅಂತರದ ಟಿಕೆಟ್ ತೆಗೆಯಬೇಡಿ. ಈ ನಿಯಮಗಳು ಆಗಾಗ ಬದಲಾಗುತ್ತವೆ, ಹೊರಡುವ ವಾರ ಆಯಾ ದೇಶದ ಸರ್ಕಾರಿ ವೆಬ್‌ಸೈಟ್ ಒಮ್ಮೆ ತೆರೆದು ನೋಡಿ.

ದುಬೈ ನಮ್ಮವರು ಅತಿ ಹೆಚ್ಚು ಹಾಯುವ ಊರು, ಹಾಗಾಗಿ ಅದರ ಬಗ್ಗೆ ಸ್ವಲ್ಪ ಬಿಡಿಸಿ ಹೇಳುತ್ತೇನೆ. ಬುರ್ಜ್ ಖಲೀಫಾ ಕಡೆ ಎಲ್ಲರೂ ಓಡುತ್ತಾರೆ, ಮೂರು ತಾಸಿಗೆ ಅದು ತಪ್ಪು ಆಯ್ಕೆ. ಮೆಟ್ರೊ ನಿಲ್ದಾಣದಿಂದ ದುಬೈ ಮಾಲ್‌ವರೆಗಿನ ನಡಿಗೆಯೇ ಅರ್ಧ ಜೀವ ಹೀರುತ್ತದೆ. ಹಳೇ ದುಬೈ ನಿಲ್ದಾಣಕ್ಕೆ ಹತ್ತಿರ. ಮೆಟ್ರೊ ರೆಡ್ ಲೈನ್ ಟರ್ಮಿನಲ್ 1 ಮತ್ತು 3ಕ್ಕೆ ಬರುತ್ತದೆ, ಟರ್ಮಿನಲ್ 2ಕ್ಕೆ ಬರುವುದಿಲ್ಲ. ಅಲ್ಲಿಂದ ಯೂನಿಯನ್ ನಿಲ್ದಾಣಕ್ಕೆ ಹೋಗಿ ಗ್ರೀನ್ ಲೈನ್ ಹಿಡಿದು ಅಲ್ ರಾಸ್‌ನಲ್ಲಿ ಇಳಿಯಿರಿ. ಹೊರಗೆ ಬಂದರೆ ಮಸಾಲೆ ಸಾಮಾನಿನ ಬಜಾರು, ಅದರಾಚೆ ಖಾರಿ. ಅಲ್ಲಿ ‘ಅಬ್ರಾ’ ಎನ್ನುವ ಮರದ ದೋಣಿ ಒಂದು ದಿರ್ಹಮಿಗೆ ಆಚೆ ದಡದ ಬರ್ ದುಬೈಗೆ ಬಿಡುತ್ತದೆ. ಚಿಲ್ಲರೆ ಕೈಯಲ್ಲಿರಲಿ. ದೋಣಿ ತುಂಬಿದ ಕೂಡಲೇ ಹೊರಡುತ್ತದೆ, ಬದಿಯಲ್ಲಿ ಕಟಕಟೆ ಇಲ್ಲ, ಮಕ್ಕಳನ್ನು ನಡುವೆ ಕೂರಿಸಿಕೊಳ್ಳಿ. ಆಚೆ ಇಳಿದರೆ ಮೀನಾ ಬಜಾರಿನ ಕಡೆ ಇಡ್ಲಿ, ದೋಸೆ, ಪೂರಿ ಎಲ್ಲ ಸಿಗುತ್ತದೆ. ಅಲ್ ಫಹೀದಿ ಎಂಬ ಹಳೇ ಓಣಿಗಳ ಮನೆಗಳ ಮೇಲೆ ಚೌಕನೆಯ ಗೋಪುರಗಳಿವೆ. ಬೀಸುವ ಗಾಳಿಯನ್ನು ಮೇಲಿನಿಂದ ಹಿಡಿದು ಕೋಣೆಯೊಳಗೆ ಇಳಿಸಲು ಕಟ್ಟಿದ ಗಾಳಿಗೋಪುರಗಳು ಅವು. ಬೀದರ್ ಕೋಟೆಯ ಮಹಲುಗಳಲ್ಲಿ ಗಾಳಿ, ನೀರಿಗೆ ಮಾಡಿಕೊಂಡ ಏರ್ಪಾಡು ಕಂಡವರಿಗೆ ಅವನ್ನು ನೋಡುತ್ತ ನಿಲ್ಲಬೇಕೆನಿಸುತ್ತದೆ.

ಇಲ್ಲೂ ತಪ್ಪುವ ಕಡೆಗಳಿವೆ. ಬಜಾರಿನ ಅಂಗಡಿಗಳು ಬಾಗಿಲು ತೆಗೆಯುವುದೇ 9–10ರ ಮೇಲೆ, ಹಾಗಾಗಿ ಬೆಳಗಿನ ಲೇಓವರ್‌ನವರು ಮೊದಲು ದೋಣಿ, ಓಣಿ, ನಾಷ್ಟಾ ಮುಗಿಸಿ ಬಜಾರನ್ನು ಕೊನೆಗೆ ಇಟ್ಟುಕೊಳ್ಳಬೇಕು. ಮೆಟ್ರೊ ಭಾನುವಾರ ಬೆಳಗ್ಗೆ 8ಕ್ಕೆ ಶುರು, ಉಳಿದ ದಿನ 5ಕ್ಕೆ. ನಡುರಾತ್ರಿ ಇಳಿದರೆ ಟ್ಯಾಕ್ಸಿಯೇ, ನಿಲ್ದಾಣದ ಟ್ಯಾಕ್ಸಿಯ ಮೀಟರು 25 ದಿರ್ಹಮಿನಿಂದ ಓಡತೊಡಗುತ್ತದೆ. ಮೆಟ್ರೊದಲ್ಲಿ ಹೆಂಗಸರ ಡಬ್ಬಿ, ಗೋಲ್ಡ್ ಕ್ಲಾಸ್ ಡಬ್ಬಿ ಬೇರೆ ಇರುತ್ತವೆ. ಪ್ಲಾಟ್‌ಫಾರಂ ನೆಲದ ಮೇಲಿನ ಗುರುತು ನೋಡದೆ ಹತ್ತಿದವರಿಗೆ ದಂಡ ಬೀಳುತ್ತದೆ. ನೀರು ಕುಡಿದರೂ, ಬಾಯಲ್ಲಿ ಚೂಯಿಂಗ್ ಗಮ್ ಇದ್ದರೂ ದಂಡವೇ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಹಗಲು ಹೊರಗೆ ತಿರುಗುವ ಯೋಜನೆ ಹಾಕಬೇಡಿ. ‘ನಮ್ಮೂರಲ್ಲೂ 43 ಡಿಗ್ರಿ ಇರುತ್ತದೆ’ ಎಂದುಕೊಂಡು ಹೋಗುವವರೇ ಹೆಚ್ಚು. ನಮ್ಮದು ಒಣ ಬಿಸಿಲು, ಅಲ್ಲಿಯದು ಸಮುದ್ರದ ತೇವ ಬೆರೆತದ್ದು. ಬೆವರು ಆರುವುದಿಲ್ಲ, ಅರ್ಧ ತಾಸಿಗೇ ತಲೆ ಸುತ್ತುತ್ತದೆ.

ಕತಾರಿನ ದೋಹಾ ಇನ್ನೂ ಸರಳ. ನಿಲ್ದಾಣದಿಂದಲೇ ಮೆಟ್ರೊ ಇದೆ, ಒಂದು ಪ್ರಯಾಣಕ್ಕೆ 2 ರಿಯಾಲ್, ಇಡೀ ದಿನದ ಪಾಸಿಗೆ 6. ರೆಡ್ ಲೈನಿನಲ್ಲಿ ಮುಶೈರಿಬ್‌ವರೆಗೆ ಹೋಗಿ ಗೋಲ್ಡ್ ಲೈನಿಗೆ ಬದಲಿಸಿದರೆ ಮುಂದಿನ ನಿಲ್ದಾಣವೇ ಸೂಕ್ ವಾಕಿಫ್ ಎಂಬ ಬಜಾರು. ಅದೂ ಮಧ್ಯಾಹ್ನ ಮುಚ್ಚಿ ಸಂಜೆ ತೆರೆಯುತ್ತದೆ, ಶುಕ್ರವಾರ ಬೆಳಗ್ಗೆ ಮೆಟ್ರೊವೂ ತಡ. ವೀಸಾ ಅಥವಾ ಹೋಟೆಲ್ ಕಾಗದದ ತೊಡಕಿದ್ದರೆ ಒಳಗೇ ಇರಿ. ಅಲ್ಲಿ ಗಂಡಸರಿಗೆ, ಹೆಂಗಸರಿಗೆ ಬೇರೆ ಬೇರೆ ಶಾಂತ ಕೋಣೆಗಳಿವೆ, ಒರಗಿ ಮಲಗುವ ಕುರ್ಚಿಗಳಿವೆ, ದುಡ್ಡಿಲ್ಲ.

ಸಿಂಗಪುರದ ಚಾಂಗಿ ವಿಮಾನ ನಿಲ್ದಾಣದಲ್ಲಿ ಐದೂವರೆಯಿಂದ 24 ತಾಸಿನ ಟ್ರಾನ್ಸಿಟ್ ಇದ್ದವರಿಗೆ ಉಚಿತ ನಗರ ಪ್ರವಾಸ ಇದೆ. ಪ್ರವಾಸ ಉಚಿತವೆಂದು ವೀಸಾ ಮಾಫಿ ಎಂದು ತಿಳಿಯಬೇಡಿ. ಇನ್ನೊಂದು ಗೊಂದಲ ‘ಜ್ಯುವೆಲ್’ನದು. 40 ಮೀಟರ್ ಎತ್ತರದಿಂದ ಧುಮುಕುವ ಒಳಾಂಗಣ ಜಲಪಾತ ಇರುವ ಆ ಕಟ್ಟಡ ಇಮಿಗ್ರೇಷನ್‌ನ ಆಚೆಗಿದೆ. ವೀಸಾ ಇಲ್ಲದವರು ಅದರ ನಡುವೆ ಹಾಯುವ ಸ್ಕೈಟ್ರೇನ್ ಕಿಟಕಿಯಿಂದ ನೋಡಬಹುದು ಅಷ್ಟೆ. ಬದಲಿಗೆ ಟರ್ಮಿನಲ್ 3ರೊಳಗಿನ ಚಿಟ್ಟೆಗಳ ತೋಟಕ್ಕೆ ಹೋಗಿ, ಅದಕ್ಕೆ ವೀಸಾ ಬೇಡ.

ಎಲ್ಲ ಊರಿಗೂ ಅನ್ವಯಿಸುವ ಒಂದು ಮಾತು ಗಡಿಯಾರದ್ದು. ಟಿಕೆಟ್ಟಿನ ಸಮಯವೆಲ್ಲ ಆಯಾ ಊರಿನದು. ದುಬೈ ನಮಗಿಂತ ಒಂದೂವರೆ ತಾಸು ಹಿಂದೆ, ದೋಹಾ ಮತ್ತು ಇಸ್ತಾಂಬುಲ್ ಎರಡೂವರೆ ತಾಸು ಹಿಂದೆ, ಸಿಂಗಪುರ ಎರಡೂವರೆ ತಾಸು ಮುಂದೆ. ನೆಟ್‌ವರ್ಕ್ ಸಿಗದ ಮೊಬೈಲು ಭಾರತದ ಸಮಯವನ್ನೇ ತೋರಿಸುತ್ತಿರುತ್ತದೆ. ಸಿಂಗಪುರದಲ್ಲಿ ಅದನ್ನು ನಂಬಿ ಕೂತವರ ವಿಮಾನ ಹೋಗಿಯೇ ಹೋಗುತ್ತದೆ. ಗೋಡೆಯ ಮೇಲಿನ ಪರದೆ ನೋಡಿ ಕೈಗಡಿಯಾರ ತಿರುಗಿಸಿಕೊಳ್ಳಿ. ಗೇಟು ಹಾರಾಟಕ್ಕೆ 15–20 ನಿಮಿಷ ಮುಂಚೆಯೇ ಮುಚ್ಚುತ್ತದೆ, ಹೆಸರು ಹಿಡಿದು ಮೈಕಿನಲ್ಲಿ ಕರೆಯುವ ಪದ್ಧತಿ ಅನೇಕ ದೊಡ್ಡ ನಿಲ್ದಾಣಗಳಲ್ಲಿ ಈಗಿಲ್ಲ. ಹಾಗೆಯೇ ಕಾರ್ಡು. ನಮ್ಮ ಬ್ಯಾಂಕುಗಳು ಕೊಡುವ ಡೆಬಿಟ್ ಕಾರ್ಡು ಹೊರದೇಶದಲ್ಲಿ ತಾನಾಗಿ ನಡೆಯುವುದಿಲ್ಲ, ಬ್ಯಾಂಕಿನ ಆ್ಯಪ್‌ನಲ್ಲಿ ಅಂತರರಾಷ್ಟ್ರೀಯ ಬಳಕೆಯನ್ನು ಮನೆಯಲ್ಲಿದ್ದಾಗಲೇ ಚಾಲೂ ಮಾಡಬೇಕು.

ದೇಶದೊಳಗಿನ ಲೇಓವರ್‌ಗೆ ವೀಸಾದ ತಲೆನೋವಿಲ್ಲ. ದೆಹಲಿ ಟರ್ಮಿನಲ್ 3ರಿಂದ ಏರ್‌ಪೋರ್ಟ್ ಎಕ್ಸ್‌ಪ್ರೆಸ್ ಮೆಟ್ರೊ ಹಿಡಿದು ಶಿವಾಜಿ ಸ್ಟೇಡಿಯಂನಲ್ಲಿ ಇಳಿದರೆ ಬಂಗ್ಲಾ ಸಾಹಿಬ್ ಗುರುದ್ವಾರ ನಡೆದು ಹೋಗುವಷ್ಟು ದೂರ. ಬೀದರ್‌ನ ನಾನಕ್ ಝೀರಾ ಕಂಡವರಿಗೆ ಅಲ್ಲಿಯ ರೀತಿ ಹೊಸದಲ್ಲ: ತಲೆಗೆ ಬಟ್ಟೆ, ಕಾಲು ತೊಳೆದು ಒಳಗೆ, ಲಂಗರಿನಲ್ಲಿ ಸಾಲಾಗಿ ಕೂತು ಊಟ. ನಾಲ್ಕೈದು ತಾಸು ಇದ್ದವರಿಗೆ ಇದಕ್ಕಿಂತ ಒಳ್ಳೆಯ ಜಾಗ ದೆಹಲಿಯಲ್ಲಿಲ್ಲ. ಮುಂದಿನ ಹಾರಾಟ ಟರ್ಮಿನಲ್ 1ರಿಂದಲೋ 3ರಿಂದಲೋ ನೋಡಿಕೊಳ್ಳಿ, ಎರಡರ ನಡುವೆ ಕಿಲೋಮೀಟರುಗಟ್ಟಲೆ ಅಂತರವಿದೆ.

ಮುಂಬೈಯಲ್ಲಿ ಮೆಟ್ರೊ 3ನೇ ಮಾರ್ಗ 2025ರ ಅಕ್ಟೋಬರ್‌ನಲ್ಲಿ ಪೂರ್ತಿ ತೆರೆದ ಮೇಲೆ ನಮ್ಮವರಿಗೆ ಬಹಳ ಅನುಕೂಲವಾಗಿದೆ. ಟರ್ಮಿನಲ್ 2ರ ನಿಲ್ದಾಣದಲ್ಲಿ ಹತ್ತಿ ಸಿದ್ಧಿವಿನಾಯಕದಲ್ಲಿ ಇಳಿದು ದರ್ಶನ ಮಾಡಿಕೊಂಡು, ಅದೇ ಮಾರ್ಗದಲ್ಲಿ ಸಿಎಸ್‌ಎಂಟಿಗೆ ಹೋಗಿ ಕಲಬುರಗಿ, ಯಾದಗಿರಿಯ ರೈಲು ಹಿಡಿಯಬಹುದು. ಮಂಗಳವಾರ ಮಾತ್ರ ದೇವಸ್ಥಾನದ ಸಾಲು ನಂಬುವಂತಿಲ್ಲ. ಬೆಂಗಳೂರಿನಲ್ಲಿ ಐದು ತಾಸಿಗೆ ಮೆಜೆಸ್ಟಿಕ್ ಕಡೆ ಹೋಗಬೇಡಿ, 35 ಕಿ.ಮೀ. ದಾರಿ ಟ್ರಾಫಿಕ್ಕಿನಲ್ಲೇ ಮುಗಿಯುತ್ತದೆ. ನಿಲ್ದಾಣದ ಪಕ್ಕದ ದೇವನಹಳ್ಳಿ ಕೋಟೆ ನೋಡಿ, ಟಿಪ್ಪು ಹುಟ್ಟಿದ ಊರು ಅದು. ಹಂಗಾಮಿದ್ದರೆ ಅಲ್ಲಿಯ ಚಕ್ಕೋತ ತಿನ್ನಿ.

ಒಳಗೇ ಕೂರುವವರಿಗೆ ಬೇಕಾದದ್ದು ಬೆಚ್ಚಗಿರಲು ಒಂದು ಶಾಲು, ಖಾಲಿ ಸ್ಟೀಲ್ ಬಾಟಲಿ ಮತ್ತು ಬುತ್ತಿ. ಬಾಟಲಿಯನ್ನು ಸೆಕ್ಯುರಿಟಿ ದಾಟಿದ ಮೇಲೆ ತುಂಬಿಸಿಕೊಳ್ಳಬಹುದು. ಬುತ್ತಿಗೆ ನಮ್ಮ ಖಡಕ್ ರೊಟ್ಟಿಯಷ್ಟು ಒಳ್ಳೆಯದು ಬೇರೊಂದಿಲ್ಲ, ಸ್ಕ್ಯಾನರಿನಲ್ಲಿ ತಕರಾರಿಲ್ಲ, ಎರಡು ದಿನ ಏನೂ ಆಗುವುದಿಲ್ಲ. ರೊಟ್ಟಿಗಳ ನಡುವೆ ಕಾಗದ ಇಟ್ಟು ಅಗಲ ಡಬ್ಬಿಯಲ್ಲಿ ನಿಲ್ಲಿಸದೆ ಮಲಗಿಸಿ, ಇಲ್ಲದಿದ್ದರೆ ಪುಡಿಯಾಗುತ್ತವೆ. ಜೊತೆಗೆ ಒಣ ಶೇಂಗಾ ಹಿಂಡಿ. ಮೊಸರು, ಉಪ್ಪಿನಕಾಯಿ, ತುಪ್ಪ, ಎಣ್ಣೆಗಾಯಿ ಪಲ್ಯ ಇವೆಲ್ಲ ದ್ರವದ ಲೆಕ್ಕಕ್ಕೆ ಬರುತ್ತವೆ, 100 ಮಿ.ಲೀ. ಮೀರಿದ ಡಬ್ಬಿಯನ್ನು ಅಲ್ಲೇ ತೆಗೆದಿಡಿಸುತ್ತಾರೆ. ಇಡೀ ಒಣಕೊಬ್ಬರಿಯನ್ನು ಚೆಕ್-ಇನ್ ಸಾಮಾನಿನಲ್ಲಿ ಇಡಬೇಡಿ, ಎಣ್ಣೆ ಅಂಶ ಹೆಚ್ಚಿದ್ದು ಬೆಂಕಿ ಹತ್ತುವ ವಸ್ತುವೆಂದು ಬಿಡುವುದಿಲ್ಲ. ಪವರ್ ಬ್ಯಾಂಕ್ ಮಾತ್ರ ಕೈಚೀಲದಲ್ಲೇ ಇರಬೇಕು.

ಗಸಗಸೆಯ ವಿಷಯ ಹಗುರಾಗಿ ತೆಗೆದುಕೊಳ್ಳಬೇಡಿ. ಯುಎಇ, ಸೌದಿಯಲ್ಲಿ ಅದು ಮಾದಕವಸ್ತುವಿನ ಸಾಲಿಗೆ ಸೇರುತ್ತದೆ, ಮಸಾಲೆ ಪೊಟ್ಟಣದಲ್ಲಿ ಹಿಡಿಯಷ್ಟಿದ್ದರೂ ಜೈಲಿನ ಮಾತು. ಅಮ್ಮ ಕಟ್ಟಿಕೊಟ್ಟ ಉಂಡೆ, ಕರ್ಜಿಕಾಯಿಯಲ್ಲಿ ಗಸಗಸೆ ಹಾಕಿದ್ದಾರೆಯೇ ಎಂದು ಕೇಳಿಯೇ ಚೀಲಕ್ಕೆ ಹಾಕಿ. ಕೊಡೀನ್ ಇರುವ ಕೆಮ್ಮಿನ ಔಷಧ, ಟ್ರಾಮಡಾಲ್ ನೋವಿನ ಮಾತ್ರೆ ಇವಕ್ಕೂ ಯುಎಇಯಲ್ಲಿ ಮುಂಗಡ ಅನುಮತಿ ಬೇಕು.

ಮಕ್ಕಳ ಹತ್ತಿರ ಹೊರಟ ವಯಸ್ಸಾದ ತಂದೆತಾಯಿಗೆ ಗಾಲಿಕುರ್ಚಿ ಹೇಳುವುದಾದರೆ ಹಾರಾಟಕ್ಕೆ 48 ತಾಸು ಮುಂಚೆ ಹೇಳಿ, ಎರಡೂ ಹಾರಾಟಕ್ಕೆ ಬೇರೆ ಬೇರೆಯಾಗಿ ನಮೂದಾಗಿದೆಯೇ ಎಂದು ಕೇಳಿ. ನಡುವಿನ ಊರಿನಲ್ಲಿ ಕುರ್ಚಿ ತಳ್ಳುವವರು ಅವರನ್ನು ಒಂದು ಹಾಲ್‌ನಲ್ಲಿ ಬಿಟ್ಟು ಹೋಗುತ್ತಾರೆ, ಹೊತ್ತಿಗೆ ಮತ್ತೊಬ್ಬರು ಬಂದು ಗೇಟಿಗೆ ಒಯ್ಯುತ್ತಾರೆ. ಇದು ಮೊದಲೇ ಗೊತ್ತಿಲ್ಲದೆ ಹೆದರಿ ಎದ್ದು ಹೋದರೆ ಹುಡುಕುವವರಿಗೆ ಸಿಗುವುದಿಲ್ಲ. ಒಂದು ದಪ್ಪ ಕಾಗದದ ಮೇಲೆ ಮುಂದಿನ ವಿಮಾನದ ಸಂಖ್ಯೆ, ಹೊರಡುವ ಸಮಯ, ಮಗನ ಫೋನ್ ನಂಬರು, ಸಕ್ಕರೆ ಕಾಯಿಲೆ ಇದ್ದರೆ ಅದನ್ನೂ ಇಂಗ್ಲಿಷಿನಲ್ಲಿ ದೊಡ್ಡದಾಗಿ ಬರೆದು ಕೊರಳಿನ ಪಾಸ್‌ಪೋರ್ಟ್ ಚೀಲದಲ್ಲಿಡಿ. ಹಿಂದೆ ಕನ್ನಡದಲ್ಲಿ ‘ಯಾರಾದರೂ ಬಂದು ಕರೆಯುವವರೆಗೆ ಇಲ್ಲೇ ಕೂತಿರಿ’ ಎಂದು ಬರೆದಿರಿ.

ಗಲ್ಫ್ ಮೇಲಿಂದ ಜೆದ್ದಾಕ್ಕೆ ಉಮ್ರಾ (ಮೆಕ್ಕಾ ಯಾತ್ರೆ) ಹೊರಟವರಿಗೆ ಲೇಓವರ್ ಎಂದರೆ ಇಹ್ರಾಮ್, ಅಂದರೆ ಯಾತ್ರೆಯ ಬಟ್ಟೆ, ತೊಡುವ ಜಾಗ. ಇಹ್ರಾಮ್ ತೊಟ್ಟೇ ದಾಟಬೇಕಾದ ಮೀಕಾತ್ ಗಡಿಯನ್ನು ವಿಮಾನ ಜೆದ್ದಾ ಮುಟ್ಟುವ ಮೊದಲೇ ದಾಟುತ್ತದೆ, ಹಾಗಾಗಿ ದುಬೈ ಅಥವಾ ದೋಹಾದಲ್ಲೇ ಸ್ನಾನ ಮಾಡಿ ಬಟ್ಟೆ ಬದಲಿಸಿಕೊಳ್ಳುವುದು ಸಲೀಸು. ಇಹ್ರಾಮ್ ಬಟ್ಟೆ, ಚಪ್ಪಲಿ, ವಾಸನೆಯಿಲ್ಲದ ಸಾಬೂನು ಕೈಚೀಲದಲ್ಲೇ ಇರಲಿ. ಸೂಟ್‌ಕೇಸಿನಲ್ಲಿಟ್ಟರೆ ಅದು ಕೈಗೆ ಸಿಗುವುದು ಜೆದ್ದಾದಲ್ಲಿ.

ಮರಳುವಾಗ ಒಂದು ನೆನಪಿರಲಿ. ಗಲ್ಫ್‌ನಿಂದ ಬೆಂಗಳೂರು ಅಥವಾ ಮುಂಬೈಗೆ ಬಂದು ಮುಂದೆ ದೇಶದೊಳಗಿನ ವಿಮಾನ ಹಿಡಿಯುವುದಿದ್ದರೆ, ಪಟ್ಟಿಯಲ್ಲಿ ಕೊನೆಯ ಊರಿನ ಹೆಸರಿದ್ದರೂ ಮೊದಲು ಇಳಿದ ಊರಿನಲ್ಲೇ ಸಾಮಾನು ಎತ್ತಿ ಕಸ್ಟಮ್ಸ್ ದಾಟಿಸಿ ಮತ್ತೆ ಒಪ್ಪಿಸಬೇಕು. ಅದಕ್ಕೆ ಮೂರು ತಾಸು ಬಿಡಿ. ಶಂಶಾಬಾದಿನಲ್ಲಿ ರಾತ್ರಿ 11ರ ಮೇಲೆ ಇಳಿದರೆ ಆ ಹೊತ್ತಿಗೆ ಊರಿನ ಬಸ್ಸು ಹುಡುಕುತ್ತ ಹೊರಗೆ ನಿಲ್ಲುವ ಬದಲು ನಿಲ್ದಾಣದಲ್ಲೇ ಕೂತು ಚಹಾ ಕುಡಿದು, ನಸುಕಿನ ಮೊದಲ ಪುಷ್ಪಕ್‌ನಲ್ಲಿ ಮಿಯಾಪುರಕ್ಕೆ ಬಂದು ಜಹೀರಾಬಾದ್ ಕಡೆಯ ಬಸ್ ಹಿಡಿಯಿರಿ.